ಬರ್ಬನ್ ಅಣ್ಣೇರು

ದೋಹಾದ ನಮ್ಮ ಹೋಟೆಲಿನಲ್ಲಿ ಬೆಳಗಿನ ಹೊತ್ತು ಬಾರಿನ ಬಾಗಿಲು ತಳ್ಳಿದರೆ ಒಬ್ಬರು ಖಾಲಿ ಗ್ಲಾಸುಗಳ ಮುಂದೆ ಕೂತಿರುತ್ತಿದ್ದರು. ಹಿಂದಿನ ದಿನ ಗಿರಾಕಿಗಳು ಕುಡಿದು ಬಿಟ್ಟುಹೋದ ಗ್ಲಾಸುಗಳವು. ಅವುಗಳಲ್ಲಿ ಕೆಲವನ್ನು ತೊಳೆಯಲು ಕೊಡದೆ, ಮೇಲೆ ಸಾಸರ್ ಮುಚ್ಚಿ ಎತ್ತಿಟ್ಟಿರುತ್ತಿದ್ದರು. ಬೆಳಿಗ್ಗೆ ಒಂದೊಂದೇ ಸಾಸರ್ ಸರಿಸಿ, ಮೂಗನ್ನು ಗ್ಲಾಸಿನೊಳಗಿಟ್ಟು ಕಣ್ಣು ಮುಚ್ಚುತ್ತಿದ್ದರು. ಹೊಸಬರು ಯಾರಾದರೂ ನೋಡಿದರೆ ಪೂಜೆಗೆ ಕೂತಿದ್ದಾರೆ ಅಂದುಕೊಳ್ಳಬೇಕು.

"ತುಂಬಿದ ಗ್ಲಾಸಿನಲ್ಲಿ ಸ್ಪಿರಿಟ್ಟಿನದ್ದೇ ಗಲಾಟೆ. ಅದು ಹಾರಿಹೋದ ಮೇಲೆ ಎಂತ ಉಳೀತದೆ, ಅದು ಅಸಲು" ಎನ್ನುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಕಾರ್ಕಳದ ಕಡೆಯವರು, ಮನೆಮಾತು ತುಳು. ಹೋಟೆಲಿನಲ್ಲಿದ್ದ ಕರಾವಳಿಯವರೆಲ್ಲ ಅವರನ್ನು ಅಣ್ಣ ಎನ್ನುವ ಗೌರವದಲ್ಲಿ 'ಅಣ್ಣೇರು' ಎನ್ನುತ್ತಿದ್ದರು. ಮೈಸೂರಿನ ನನಗೂ ಅದೇ ಬಾಯಿಗೆ ಬಂತು. ಮಲಯಾಳಿಗಳು, ನೇಪಾಳಿಗಳು, ಫಿಲಿಪೈನ್ಸಿನವರು ಮಾತ್ರ 'ಬರ್ಬನ್ ಅಣ್ಣ' ಎಂದು ಕರೆಯುತ್ತಿದ್ದರು. ಫುಟ್‌ಬಾಲ್ ವಿಶ್ವಕಪ್ ಕತಾರಿಗೆ ಎಂದು ಘೋಷಣೆಯಾದಾಗ ಅವರು ಆ ಬಾರಿನಲ್ಲೇ ಇದ್ದರು. ವಿಶ್ವಕಪ್ ಬಂದಾಗ ಈ ಲೋಕದಲ್ಲೇ ಇರಲಿಲ್ಲ. ನಡುವಿನ ವರ್ಷಗಳಲ್ಲಿ ಸುಮಾರು ಎಂಟು ವರ್ಷ ನಾನು ಅವರನ್ನು ನೋಡಿದ್ದೇನೆ. ಆ ಎಂಟು ವರ್ಷದ ಮಾತು ಇದು.

ನಾನು ಹೋಟೆಲಿನ ತರಬೇತಿ ವಿಭಾಗದಲ್ಲಿದ್ದೆ. ಸಿಬ್ಬಂದಿಗೆ ಇಂಗ್ಲಿಷಿನಲ್ಲಿ ಮಾತಾಡುವುದು, ನಗುವುದು, ತಪ್ಪಾದಾಗ ಕ್ಷಮೆ ಕೇಳುವುದು, ಇವನ್ನೆಲ್ಲ ಕಲಿಸುವ ಕೆಲಸ. ನಮ್ಮಪ್ಪ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವರು, ಅಮ್ಮ ಮನೆಯಲ್ಲಿ ಊದಿನಕಡ್ಡಿ ಹೊಸೆಯುತ್ತಿದ್ದವಳು. ನಮ್ಮ ಎರಡೂ ಕಡೆಯ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗಲ್ಫ್ ಕೆಲಸಕ್ಕೆ ಬೇಕಾದ ಸರ್ಕಾರಿ ಮುದ್ರೆಗಾಗಿ ನನ್ನ ಬಿ.ಎ. ಸರ್ಟಿಫಿಕೇಟು ಬೆಂಗಳೂರು, ದೆಹಲಿ ಅಂತ ಓಡಾಡಿದಷ್ಟು ನಮ್ಮಪ್ಪ ಜನ್ಮದಲ್ಲಿ ಓಡಾಡಿರಲಿಲ್ಲ.

ಸೇರಿದ ಹೊಸತರಲ್ಲಿ ಅವರೇ ನನ್ನ ಟೇಬಲ್ಲಿಗೆ ಬಂದರು. ಬಿಳಿ ಶರಟು, ಕಪ್ಪು ವೇಸ್ಟ್‌ಕೋಟು, ನೀಟಾಗಿ ಬಾಚಿದ ತೆಳ್ಳನೆಯ ಕೂದಲು.

"ಮೇಡಂ, ಒಂದು ಉಪಕಾರ ಆಗ್ಬೇಕಿತ್ತು. ಒಂದು ಮನೆತನದ ಚರಿತ್ರೆ ಇಂಗ್ಲಿಷಿನಲ್ಲಿ ಚಂದ ಮಾಡಿ ಬರೆದು ಕೊಡ್ಬೇಕು. ನನ್ನದು ಬೊಂಬಾಯಿ ಹೋಟೆಲಿನ ಇಂಗ್ಲಿಷು."

"ಯಾರ ಮನೆತನ?"

"ಅಮೆರಿಕದ್ದು. ಕೆಂಟಕಿ ಅಂತ. ಒಂದೇ ಮನೆಯವರು ಏಳು ತಲೆಮಾರಿನಿಂದ ಬರ್ಬನ್ ಮಾಡ್ತಾರೆ."

"ಬರ್ಬನ್ ಅಂದ್ರೆ ಬಿಸ್ಕತ್ತಲ್ವಾ?"

ಅವರಿಗೆ ನಗು ತಡೆಯಲಾಗಲಿಲ್ಲ. "ಬಿಸ್ಕತ್ತೇ ಮಾರಾಯ್ತಿ. ಚಾದಲ್ಲಿ ಅದ್ದಲಿಕ್ಕೆ ಆಗುದಿಲ್ಲ, ಅಷ್ಟೇ."

ಅದೊಂದು ಬಗೆಯ ವಿಸ್ಕಿ ಎಂದು ತಿಳಿದ ಕೂಡಲೇ ನನ್ನ ಮುಖ ಬಿಗಿಯಾಯಿತು. ನಮ್ಮ ಬೀದಿಯಲ್ಲಿ ಹೆಂಡದಂಗಡಿ ಎಂದರೆ ಏನೆಂದು ನನಗೆ ಗೊತ್ತಿತ್ತು. "ಸಾರ್, ನಮ್ಮಪ್ಪ ಮೂಟೆ ಹೊತ್ತು ನನ್ನ ಓದ್ಸಿದ್ದು ಹೆಂಡದ ಚರಿತ್ರೆ ಬರೀಲಿ ಅಂತ ಅಲ್ಲ" ಎಂದುಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. "ನನ್ನ ಅಪ್ಪ ತಾಳೆಮರ ಹತ್ತಿ ಶೇಂದಿ ಇಳಿಸಿ ನನ್ನನ್ನು ಸಾಕಿದ್ದು. ಇಷ್ಟು ವರ್ಷ ಬಾರಿನಲ್ಲಿ ಇದ್ದೇನೆ ನಾನು, ಒಂದು ತೊಟ್ಟು ಬಾಯಿಗೆ ಹಾಕ್ಲಿಲ್ಲ. ಹಾಗಾದ್ರೆ ನಾವಿಬ್ರೂ ಒಂದೇ ಪಾರ್ಟಿ ಅಲ್ವಾ?"

ಆ ಮಾತು ನಿಜವಾಗಿತ್ತು. ಅವರ ಕಡೆ ಶೇಂದಿ ಇಳಿಸುವ ಕಸುಬಿಗೆ ಮೂರ್ತೆ ಎನ್ನುತ್ತಾರೆ. ಅವರ ಅಪ್ಪನ ನಿಯಮ ಒಂದೇ: ಮರ ಹತ್ತುವವನು ಕುಡಿಯಬಾರದು, ಹತ್ತುವ ಮೊದಲೂ ಇಲ್ಲ, ಇಳಿದ ಮೇಲೂ ಇಲ್ಲ. ಕುಡಿದವನ ಕಾಲು ಒಂದು ದಿನ ಜಾರುತ್ತದೆ. ಮೊದಲು ಇಳಿಸಿದ ಶೇಂದಿಯಲ್ಲಿ ಸ್ವಲ್ಪ ದೈವಕ್ಕೆ, ಉಳಿದದ್ದು ಗಿರಾಕಿಗೆ, ಮನೆಗೆ ಏನೂ ಇಲ್ಲ. ಮಗ ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೊರಟ ದಿನ ಅಪ್ಪ ಮೂರ್ತೆಯ ಕತ್ತಿಯನ್ನು ಮುಟ್ಟಿಸಿ ಭಾಷೆ ತೆಗೆದುಕೊಂಡಿದ್ದರಂತೆ. ಆ ಭಾಷೆ ಮುಂಬೈಯಲ್ಲಿ, ಹಡಗಿನ ಕೆಲಸದಲ್ಲಿ, ದೋಹಾದಲ್ಲಿ ಹಾಗೇ ಉಳಿದಿತ್ತು. ಕುಡಿಯದವನಿಗೆ ಸರಕಿನ ಗುಣ ಹೇಗೆ ತಿಳಿಯುವುದು? ಮೂಗಿನಿಂದ. ಮಡಕೆಯ ಬಾಯಿಗೆ ಮೂಗು ಹಿಡಿದು, ಇದು ಇವತ್ತಿನದು, ಇದು ಹುಳಿ ತಿರುಗಿದ್ದು ಎಂದು ಅಪ್ಪ ಹೇಳುತ್ತಿದ್ದರಂತೆ. ಮಗ ಅದನ್ನೇ ಗ್ಲಾಸಿಗೆ ತಂದಿದ್ದರು.

ನಾನು ಬರೆದುಕೊಟ್ಟೆ. ಅವರು ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು. ಬಾರಿನ ಒಂದು ಮೂಲೆಯಲ್ಲಿ ಆ ಮನೆತನದ ಬಾಟಲಿಗಳಿಗೇ ಒಂದು ಚಿಕ್ಕ ಕೋಣೆ ಇತ್ತು. ಅಲ್ಲಿ ವಾರಕ್ಕೊಮ್ಮೆ ಅತಿಥಿಗಳಿಗೆ ಕಥೆ ಹೇಳಿ, ಒಂದೊಂದೇ ಬಗೆಯನ್ನು ರುಚಿ ತೋರಿಸುವುದು ಅವರ ಕೆಲಸ. ಅದನ್ನು ಅವರು ಹರಿಕಥೆಯ ಮಟ್ಟಕ್ಕೆ ತಂದಿದ್ದರು.

ಕಥೆ ಹೀಗೆ. ಒಬ್ಬ ರೈತ ಗುಡ್ಡ ದಾಟಿ ಕೆಂಟಕಿಗೆ ಬಂದ. ಸುಣ್ಣಕಲ್ಲಿನ ನಡುವೆ ಒಂದು ಒರತೆ ಕಂಡು ಅಲ್ಲೇ ನಿಂತ. ಮುಸುಕಿನ ಜೋಳ ಬೆಳೆದ. ಬೆಳೆದದ್ದು ತಿಂದು ಮುಗಿಯಲಿಲ್ಲ, ಸಾಗಿಸಲು ರಸ್ತೆ ಇರಲಿಲ್ಲ. ಭಟ್ಟಿ ಇಳಿಸಿ ಪೀಪಾಯಿಗೆ ತುಂಬಿದ. ಮಗನ ಕಾಲಕ್ಕೆ ಅದು ವ್ಯಾಪಾರವಾಯಿತು. ಮೊಮ್ಮಗನ ಕಾಲಕ್ಕೆ ಉಗ್ರಾಣಕ್ಕೆ ಬೆಂಕಿ ಬಿದ್ದು, ಉರಿಯುವ ವಿಸ್ಕಿ ಹೊಳೆಯಾಗಿ ಹರಿಯಿತು. ಮತ್ತೆ ಕಟ್ಟಿದರು. ಆಮೇಲೆ ಬಂತು ಪಾನನಿಷೇಧ. ಅಲ್ಲಿಗೆ ಬಂದಾಗ ಅಣ್ಣೇರು ದನಿ ಇಳಿಸುತ್ತಿದ್ದರು.

"ಹದಿಮೂರು ವರ್ಷ ಸರಕಾರ ಬಾಗಿಲು ಹಾಕಿಸಿತು. ಗಂಡಸರು ದನ ಸಾಕಿದರು, ಕಲ್ಲು ಒಡೆದರು. ತಾಮ್ರದ ಹಂಡೆ ಮಾರಿದರು. ಆ ಮನೆಗೆ ಬಂದ ಒಬ್ಬಳು ಸೊಸೆ ಮಾತ್ರ ಒಂದು ಕೆಲಸ ಬಿಡಲಿಲ್ಲ. ಭಟ್ಟಿಯ ಹೆಪ್ಪು ಉಂಟಲ್ಲ, ಯೀಸ್ಟು, ಅದನ್ನು ಒಂದು ಜಾಡಿಯಲ್ಲಿ ಹಾಕಿ ಬಾವಿಗೆ ಇಳಿಸಿಟ್ಟಳು. ವಾರ ವಾರ ಮೇಲೆ ಎಳೆದು ಒಂದು ಹಿಡಿ ಗಂಜಿ ಹಾಕುವುದು, ಮತ್ತೆ ಇಳಿಸುವುದು. ಹದಿಮೂರು ವರ್ಷ. ನಿಷೇಧ ಹೋದ ದಿನ ಮಾವನ ಮುಂದೆ ಜಾಡಿ ಇಟ್ಟು, 'ತಗೊಳ್ಳಿ, ನಿಮ್ಮ ಮನೆ' ಅಂದಳು."

ಸೂಟು ಹಾಕಿದ ದೊಡ್ಡ ದೊಡ್ಡ ಸಾಹೇಬರು ಅಲ್ಲಿ ಗ್ಲಾಸು ಕೆಳಗಿಡುತ್ತಿದ್ದುದನ್ನು ನಾನು ನೋಡಿದ್ದೇನೆ.

ಬಗೆಗಳನ್ನು ಅವರು ಒಂದು ಕುಟುಂಬದಂತೆ ಪರಿಚಯ ಮಾಡಿಸುತ್ತಿದ್ದರು. ಜೋಳಕ್ಕೆ ಸ್ವಲ್ಪ ರೈ ಧಾನ್ಯ ಬೆರೆಸಿದ ಮಾಮೂಲಿ ಬಾಟಲಿ ಮನೆಯ ಯಜಮಾನ, ಎಲ್ಲರ ಜೊತೆ ಹೊಂದಿಕೊಳ್ಳುತ್ತಾನೆ. ರೈ ಬದಲು ಗೋಧಿ ಹಾಕಿದ್ದು ಸೊಸೆ, ಮೆತ್ತಗೆ, ಕಾವಲಿಯ ಮೇಲಿನ ಚಪಾತಿಯ ವಾಸನೆ. ರೈ ಜಾಸ್ತಿ ಹಾಕಿದ್ದು ಅಳಿಯ, ಬಂದ ಕೂಡಲೇ ಕಾಳುಮೆಣಸಿನ ಹಾಗೆ ಜಗಳ. ಬೇರೆ ಯಾವುದರ ಜೊತೆಗೂ ಬೆರೆಸದೆ ಒಂದೇ ಪೀಪಾಯಿಯಿಂದ ತುಂಬಿದ್ದು ಒಬ್ಬನೇ ಮಗ, ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇರುವುದಿಲ್ಲ. ಕೊನೆಯದು ನೀರೇ ಬೆರೆಸದೆ ಪೀಪಾಯಿಯಿಂದ ನೇರ ಬಾಟಲಿಗೆ ಬಂದದ್ದು. "ಇವರು ಅಜ್ಜ. ಇವರ ಮಾತಿಗೆ ನೀರು ಸೇರಿಸುವ ಕ್ರಮ ಇಲ್ಲ." ಎಲ್ಲದರ ಹಿಂದೆಯೂ ಸುಟ್ಟ ಮರ ಮತ್ತು ಪಾಕದ ವಾಸನೆ ಇರುತ್ತದೆ. ಅದನ್ನು ಅವರು ಇಂಗ್ಲಿಷಿನಲ್ಲಿ ಕ್ಯಾರಮೆಲ್ ಎನ್ನುತ್ತಿದ್ದರು. ನನ್ನೊಡನೆ ಮಾತ್ರ, "ನನ್ನ ಅಮ್ಮ ಓಲೆಬೆಲ್ಲ ಕಾಯಿಸುವಾಗ ಹೀಗೆಯೇ ಬರ್ತಿತ್ತು" ಎನ್ನುತ್ತಿದ್ದರು. ತಾಳೆಯ ಸಿಹಿರಸದಿಂದ ಮಾಡುವ ಬೆಲ್ಲ ಅದು.

"ನಿನ್ನ ಅಮ್ಮ ಊದಿನಕಡ್ಡಿ ಮಾಡ್ತಿದ್ರಲ್ಲ, ನಿನಗೂ ಮೂಗು ಇರ್ಬೇಕು" ಎಂದರು ಒಮ್ಮೆ.

"ಎಲ್ಲಿಂದ ಬರ್ಬೇಕು ಅಣ್ಣೇರೇ? ನಾವು ಹೊಸೆಯೋ ಕಡ್ಡಿಗೆ ವಾಸನೇನೇ ಇರಲ್ಲ. ಸೆಂಟು ಹಾಕೋದು ಫ್ಯಾಕ್ಟರೀಲಿ."

"ಅಯ್ಯೋ ಪಾಪ" ಎಂದು ನಿಜವಾಗಿ ಮರುಗಿದರು.

ಆ ದಿನಗಳಲ್ಲಿ ಅವರು ಸುಮ್ಮನೆ ಹೇಳುತ್ತಿದ್ದ ಕೆಲವು ಮಾತುಗಳು ಈಗ ಬೇರೆ ಥರ ಕೇಳಿಸುತ್ತವೆ. ಬರ್ಬನ್ ಎನ್ನಿಸಿಕೊಳ್ಳಬೇಕಾದರೆ ಪೀಪಾಯಿ ಹೊಸದಾಗಿರಬೇಕು, ಒಳಗೆ ಸುಟ್ಟಿರಬೇಕು. ಒಮ್ಮೆ ಬಳಸಿದ್ದರಲ್ಲಿ ಎರಡನೇ ಸಲ ಬರ್ಬನ್ ಇಡುವ ಹಾಗಿಲ್ಲ. "ಒಳ್ಳೆಯದೆಲ್ಲ ಒಂದೇ ಸರ್ತಿಗೆ ಎಳೆದು ಆಯ್ತು ಅಂತ ಲೆಕ್ಕ. ಆಮೇಲೆ ಬೇರೆ ದೇಶಕ್ಕೆ ಮಾರ್ತಾರೆ. ಗಲ್ಫಿನವರಿಗೆ ಇದನ್ನು ಬಿಡಿಸಿ ಹೇಳ್ಬೇಕಾ?" ರಂಜಾನ್ ತಿಂಗಳಲ್ಲಿ ಬಾರು ಮುಚ್ಚಿರುತ್ತಿತ್ತು. ಆಗ ಒಬ್ಬರೇ ಕೂತು ಬಾಟಲಿಗಳ ಧೂಳು ಒರೆಸುತ್ತಿದ್ದರು. ದೋಹಾದ ನಡುವಿನ ಮುಶೈರಿಬ್‌ನ ಹಳೆಯ ಗಲ್ಲಿಗಳನ್ನು ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದಾಗ, ಬಂದ ಹೊಸತರಲ್ಲಿ ತಾನು ಊಟ ಮಾಡುತ್ತಿದ್ದ ಹೋಟೆಲ್ ಎಲ್ಲಿತ್ತು ಎಂದು ನನಗೆ ತೋರಿಸಲು ಹೋಗಿ, ಗೊತ್ತಾಗದೆ ಎರಡು ಸುತ್ತು ಹಾಕಿ, "ಖಲಾಸ್. ಹುರಿದ ಮೀನಿನ ವಾಸನೆ ಹಿಡಿದು ಹೋಗ್ತಿದ್ದೆ, ಈಗ ಬರೀ ಎ.ಸಿ.ಯ ಗಾಳಿ" ಎಂದು ಹಿಂದಿರುಗಿದ್ದರು.

ವಿಶ್ವಕಪ್ಪಿಗೆ ಅವರು ಕಾಯುತ್ತಿದ್ದುದು ಫುಟ್‌ಬಾಲಿಗಾಗಿ ಅಲ್ಲ. ಆ ಸಮಯಕ್ಕೆ ಕೋಣೆಯನ್ನು ದೊಡ್ಡದು ಮಾಡುವುದು, ಅದಕ್ಕೂ ಮೊದಲು ಕೆಂಟಕಿಯ ಮನೆತನದವರೇ ಒಬ್ಬರು ಬಂದು ಉಸ್ತುವಾರಿಯ ಮನುಷ್ಯನನ್ನು ತಾವೇ ಪರೀಕ್ಷಿಸಿ ಒಪ್ಪುವುದು ಎಂದು ಮಾತಾಗಿತ್ತು. "ಅವರು ಬಂದರೆ ಒಂದೇ ಒಂದು ಕೇಳ್ಲಿಕ್ಕೆ ಉಂಟು" ಎನ್ನುತ್ತಿದ್ದರು. ಆ ಬಾವಿಯ ಸೊಸೆಯ ಕಥೆ ನಿಜವೋ ಅಲ್ಲವೋ ಎಂದು.

ಕೊರೊನಾ ಬಂತು. ಅವರಿಗೂ ಬಂತು. ಕ್ವಾರಂಟೈನ್ ಮುಗಿಸಿ, ತೂಕ ಇಳಿದು ಹಿಂದಿರುಗಿದರು. ಬಾರು ಇನ್ನೂ ತೆರೆದಿರಲಿಲ್ಲ, ಸಿಬ್ಬಂದಿ ಅರ್ಧಕ್ಕರ್ಧ ಊರಿಗೆ ಹೋಗಿ ಆಗಿತ್ತು. ಒಂದು ಬೆಳಿಗ್ಗೆ ನಾನು ಬಾರಿನ ಹಿಂದಿನ ಪ್ಯಾಂಟ್ರಿಗೆ ಹೋದರೆ ಒಲೆಯ ಮೇಲೆ ಹಾಲು ಸೀದು ಕರಿಯಾಗಿ ಹೊಗೆಯಾಡುತ್ತಿತ್ತು. ಕಣ್ಣು ಉರಿಯುವಷ್ಟು ಘಾಟು. ಅವರು ಒಲೆಗೆ ಬೆನ್ನು ಹಾಕಿ, ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಚಮಚ ಒರೆಸುತ್ತಿದ್ದರು.

"ಅಣ್ಣೇರೇ, ಹಾಲು!"

ತಿರುಗಿ ನೋಡಿದರು. ಒಲೆ ಆರಿಸಿದರು. ಆಮೇಲೆ ನನ್ನನ್ನು ನೋಡಿದರು. ಆ ಘಾಟು ಅವರ ಮೂಗಿಗೆ ಬಂದೇ ಇರಲಿಲ್ಲ.

"ಯಾವಾಗಿಂದ?"

"ಜ್ವರ ಬಂದ ದಿನದಿಂದ. ಡಾಕ್ಟ್ರು, ಬರ್ತದೆ ಅಂದ್ರು. ಬಾರದೆಯೂ ಇರ್ಬಹುದು ಅಂದ್ರು." ಪಾತ್ರೆಯನ್ನು ಸಿಂಕಿಗೆ ಇಟ್ಟು ನೀರು ಬಿಟ್ಟರು. "ಯಾರಿಗೂ ಹೇಳ್ಬೇಡ ಮಾರಾಯ್ತಿ. ಮೂಗು ಇಲ್ಲದ ನಾನು ಇವರಿಗೆ ಎಂತಕ್ಕೆ?"

ನಾನು ಯಾರಿಗೂ ಹೇಳಲಿಲ್ಲ.

ನಮ್ಮ ಮನೆ ದೋಹಾದಿಂದ ಉತ್ತರಕ್ಕೆ, ಅಲ್ ಖೋರ್ ಎಂಬ ಕಡಲೂರಿನಲ್ಲಿತ್ತು, ನಮ್ಮೆಜಮಾನರಿಗೆ ಅಲ್ಲಿ ಕಂಪನಿ ಕ್ವಾರ್ಟರ್ಸ್. ಒಂದು ಶುಕ್ರವಾರ ಅಣ್ಣೇರು ಊಟಕ್ಕೆ ಬಂದರು. ನಾನು ಮಾಡಿದ ಬಸ್ಸಾರನ್ನು ಎರಡು ಸಲ ಹಾಕಿಸಿಕೊಂಡು, "ಖಾರ ಗೊತ್ತಾಗ್ತದೆ, ಉಪ್ಪು ಗೊತ್ತಾಗ್ತದೆ, ಸಾರು ಗೊತ್ತಾಗುದಿಲ್ಲ" ಎಂದರು. ಊಟವಾದ ಮೇಲೆ ಸಮುದ್ರದ ಕಡೆ ಹೋದೆವು. ಅಲ್ಲಿ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಾಡಿದೆ. ಇಳಿತದ ಹೊತ್ತು, ಕೆಸರು ಬಾಯಿ ಬಿಟ್ಟಿತ್ತು. ನಮ್ಮೆಜಮಾನರು ಮೂಗಿಗೆ ಕರ್ಚೀಫು ಹಿಡಿದು ದೂರ ನಿಂತರು. ಅಣ್ಣೇರು ಪ್ಯಾಂಟು ಮಡಚಿ ಇಳಿದು, ಒಂದು ಹಿಡಿ ಕೆಸರು ತೆಗೆದು ಮುಖದ ಹತ್ತಿರ ಹಿಡಿದುಕೊಂಡರು. ನಮ್ಮೂರಿನ ಹೊಳೆಬದಿಯ ಹಾಗೇ ಇದೆ ಎಂದು ಅವರೇ ಮೊದಲೆಲ್ಲ ಹೇಳುತ್ತಿದ್ದ ಜಾಗವದು. ತುಂಬ ಹೊತ್ತು ನಿಂತರು. ಆಮೇಲೆ ಕೈ ತೊಳೆದುಕೊಂಡು, "ಯಲ್ಲಾ, ಹೋಗುವ" ಎಂದರು.

ಬಾರು ಮತ್ತೆ ತೆರೆಯಿತು. ಅವರು ಕಥೆ ಹೇಳುತ್ತಲೇ ಇದ್ದರು. ಮೊದಲಿಗಿಂತ ಉದ್ದವಾಗಿ ಹೇಳುತ್ತಿದ್ದರು. ಮೊದಲೆಲ್ಲ ಗ್ಲಾಸು ಎತ್ತಿ ವಾಸನೆಯ ಮೇಲೆ ಹತ್ತು ಮಾತಾಡುತ್ತಿದ್ದವರು ಈಗ ಬೆಂಕಿ ಬಿದ್ದ ಉಗ್ರಾಣವನ್ನೇ ಎಳೆಯುತ್ತಿದ್ದರು. ಅತಿಥಿಗಳಿಗೆ ಅದು ಗೊತ್ತಾಗಲಿಲ್ಲ, ನನಗೆ ಮಾತ್ರ ಗೊತ್ತಿತ್ತು.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ. ಕೆಂಟಕಿಯವರು ವಸಂತದಲ್ಲಿ ಬರುತ್ತಾರೆ, ಐದು ಗ್ಲಾಸು ಮುಚ್ಚಿ ಇಡುತ್ತಾರೆ, ಯಾವುದು ಯಾವ ಬಗೆ ಎಂದು ಹೇಳಬೇಕು, ಅವರು ಒಪ್ಪಿದರೆ ವಿಶ್ವಕಪ್ ಮುಗಿಯುವವರೆಗೆ ಕಾಂಟ್ರಾಕ್ಟು, ಇಲ್ಲವಾದರೆ ವಯಸ್ಸಾಯಿತು, ಊರಿಗೆ, ಎಂದ. ನಾನು ಅಣ್ಣೇರಿಗೆ ಹೇಳಿದೆ, "ಜ್ವರದ ವಿಷಯ ಹೇಳಿಬಿಡಿ. ಕಥೆ ಹೇಳೋಕಾದ್ರೂ ಇಟ್ಕೋತಾರೆ."

"ಕಥೆಗೆ ಟೇಪ್ ರೆಕಾರ್ಡರ್ ಸಾಕು" ಎಂದರು. ಆಮೇಲೆ, "ನಾಲಿಗೆ ಉಂಟಲ್ಲ" ಎಂದರು.

ಅವರು ಹೇಳುತ್ತಿರುವುದು ಏನೆಂದು ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಬೇಡಿ ಅಣ್ಣೇರೇ. ಅಪ್ಪನಿಗೆ ಮಾತು ಕೊಟ್ಟಿದ್ದೀರಿ."

"ಅಪ್ಪ ಮರದಿಂದ ಬೀಳ್ಬಾರ್ದು ಅಂತ ಹೇಳಿದ್ದು. ನಾನು ಈಗ ಬೀಳುವುದರಲ್ಲೇ ಇದ್ದೇನೆ."

ಮರುದಿನ ಬೆಳಿಗ್ಗೆ ಪ್ಯಾಂಟ್ರಿಯಲ್ಲಿ, ತರಬೇತಿಗೆಂದು ಕೆಂಟಕಿಯಿಂದಲೇ ಬಂದಿದ್ದ ಸಣ್ಣ ಬಾಟಲಿಗಳಲ್ಲಿ ಮೊದಲನೆಯದನ್ನು ತೆರೆದರು. ಒಂದು ಚಮಚದಷ್ಟು ಸುರಿದು, ಗ್ಲಾಸನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತುಳುವಿನಲ್ಲಿ ಏನೋ ಹೇಳಿ ಬಾಯಿಗೆ ಹಾಕಿದರು. ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂತು. ಉಸಿರು ಹಿಡಿದುಕೊಂಡು, "ಥೂ! ಇದನ್ನು ಜನ ದುಡ್ಡು ಕೊಟ್ಟು ಕುಡಿಯುದಾ? ಇಷ್ಟು ವರ್ಷ ನಾನು ಇದನ್ನಾ ಹೊಗಳಿದ್ದು?" ಎಂದರು. ನಾವಿಬ್ಬರೂ ನಕ್ಕೆವು. ಆ ನಗುವನ್ನು ನೆನೆಸಿಕೊಂಡರೆ ಈಗ ಸಂಕಟವಾಗುತ್ತದೆ.

ದಿನಾ ಅಭ್ಯಾಸ ನಡೆಯಿತು. ನಾನು ಗ್ಲಾಸುಗಳಿಗೆ ಸುರಿದು ಸಾಸರ್ ಮುಚ್ಚಿ ಜಾಗ ಬದಲಿಸುವುದು, ಅವರು ಬಾಯಿಗೆ ಹಾಕಿ ಹೇಳುವುದು. ಗೋಧಿಯದ್ದು ನಾಲಿಗೆಯ ತುದಿಯಲ್ಲಿ ಕೂರುತ್ತದೆ, ರೈ ಅಂಚಿಗೆ ಓಡುತ್ತದೆ, ನೀರು ಬೆರೆಸದ್ದು ಗಂಟಲಿಗೆ ಕೈ ಹಾಕುತ್ತದೆ. ಬಣ್ಣ ನೋಡುತ್ತಿದ್ದರು, ಗ್ಲಾಸು ತಿರುಗಿಸಿ ಒಳಮೈಯಲ್ಲಿ ಹನಿ ಇಳಿಯುವ ವೇಗ ನೋಡುತ್ತಿದ್ದರು. ಮೊದಲು ಐದಕ್ಕೆ ಒಂದೋ ಎರಡೋ ಸರಿಯಾಗುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಐದಕ್ಕೆ ಐದೂ ಹೇಳತೊಡಗಿದರು. ಪರೀಕ್ಷೆ ಎಂದರೆ ನನಗೆ ಗೊತ್ತು, ಬೀದಿ ದೀಪದ ಕೆಳಗೆ ಓದಿ ರ‍್ಯಾಂಕ್ ಬಂದವಳು ನಾನು. ಎಲ್ಲ ಪಾಠ ಮುಗಿಸಿದ್ದೇವೆ, ಇನ್ನು ಭಯವಿಲ್ಲ ಎಂದು ನಾನೇ ಹೇಳಿದೆ.

ಬಂದವರು ಒಬ್ಬ ಹೆಂಗಸು, ಮನೆತನದ ಏಳನೆಯ ತಲೆಮಾರು. ಗಿಡ್ಡ ಕತ್ತರಿಸಿದ ಬಿಳಿಗೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಮ್ಯಾನೇಜರ್, ಬಾರಿನ ಸಿಬ್ಬಂದಿ, ನಾನು, ಎಲ್ಲ ಆ ಚಿಕ್ಕ ಕೋಣೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಮುಚ್ಚಿದ ಐದು ಗ್ಲಾಸುಗಳನ್ನು ಆಕೆ ತನ್ನ ಕೈಯಾರೆ ಸಾಲಾಗಿ ಇಟ್ಟರು. ಅಣ್ಣೇರು ವೇಸ್ಟ್‌ಕೋಟು ಸರಿಮಾಡಿಕೊಂಡು ಕೂತರು.

ಮೊದಲನೆಯದು. ಮೂಗಿನ ಹತ್ತಿರ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಕಣ್ಣು ಮುಚ್ಚಿ, ಆಮೇಲೆ ಒಂದು ಗುಟುಕು. "ಮನೆಯ ಯಜಮಾನ" ಎಂದರು ಇಂಗ್ಲಿಷಿನಲ್ಲಿ. ಆಕೆ ನಕ್ಕು ತಲೆಯಾಡಿಸಿದರು. ಎರಡನೆಯದು ಅಳಿಯ. ಅದೂ ಸರಿ. ಇನ್ನು ಮೂರೇ ಎಂದು ನಾನು ಲೆಕ್ಕ ಹಾಕಿದೆ.

ಮೂರನೆಯ ಗ್ಲಾಸಿನ ಮುಚ್ಚಳ ಎತ್ತಿದಾಗ, ಬಾಗಿಲ ಹತ್ತಿರ ನಿಂತಿದ್ದ ನನಗೇ ಬಂತು. ನೆಂದು ಕೊಳೆತ ಗೋಣಿಚೀಲದ ವಾಸನೆ. ನನ್ನ ಪಕ್ಕದಲ್ಲಿದ್ದವನು ಮುಖ ಹಿಂಡಿದ. ಯಾರೋ ಮೂಗಿಗೆ ಕೈ ಅಡ್ಡ ಹಿಡಿದರು. ಅಣ್ಣೇರು ಗ್ಲಾಸನ್ನು ಮೂಗಿನ ಕೆಳಗೆ ನಿಧಾನವಾಗಿ ಆಡಿಸಿ, ಕಣ್ಣು ಮುಚ್ಚಿ, ಮುಗುಳ್ನಕ್ಕರು. ನಾನು ಕೆಮ್ಮಿದೆ. ಜೋರಾಗಿ ಕೆಮ್ಮಿದೆ. ಅವರು ಕುಡಿದರು.

"ಮೆತ್ತಗಿದೆ. ಇದು ಸೊಸೆ. ಕಾವಲಿಯಿಂದ ಆಗ ತಾನೇ ಇಳಿಸಿದ ರೊಟ್ಟಿಯ ವಾಸನೆ" ಎಂದರು.

ಈ ಸಲ ಆಕೆ ತಲೆಯಾಡಿಸಲಿಲ್ಲ. ಆ ಮನೆತನದ ಪದ್ಧತಿಯನ್ನು ನಮಗೆ ಆಮೇಲೆ ಹೇಳಿದರು. ಸಾಲಿನಲ್ಲಿ ಒಂದು ಗ್ಲಾಸು ಯಾವಾಗಲೂ ಕೆಟ್ಟ ಪೀಪಾಯಿಯದ್ದು. ಒಳ್ಳೆಯದರ ಹೆಸರು ಹೇಳುವುದು ಆಮೇಲಿನ ಮಾತು. ಕೆಟ್ಟದ್ದನ್ನು ಬಾಯಿಯ ಹತ್ತಿರಕ್ಕೂ ತರದೆ ದೂರ ಸರಿಸುವುದು ಮೊದಲ ಪಾಠ. ನಾವು ತಿಂಗಳುಗಟ್ಟಲೆ ಕೂತು ಒಳ್ಳೆಯದನ್ನೇ ಕಲಿತಿದ್ದೆವು. ಕೆಟ್ಟದ್ದು ಎಂಬುದೊಂದು ಇದೆ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನನ್ನ ಮಾತು ಬಿಡಿ. ಹುಳಿ ತಿರುಗಿದ ಮಡಕೆಯನ್ನು ಅಪ್ಪ ದೂರವಿಡುವುದನ್ನು ನೋಡಿ ಬೆಳೆದವರಿಗೂ ಹೊಳೆಯಲಿಲ್ಲ. ಮೂಗು ಇದ್ದಾಗ ಅದನ್ನು ಯೋಚಿಸಿ ಮಾಡಬೇಕಾಗಿ ಬಂದಿರಲೇ ಇಲ್ಲವಲ್ಲ.

ನಮ್ಮ ಮುಖಗಳನ್ನು ನೋಡಿ ಅವರಿಗೆ ಗೊತ್ತಾಯಿತು. ಗ್ಲಾಸನ್ನು ಮೇಜಿನ ಮೇಲೆ ಇಟ್ಟರು. ಉಳಿದ ಎರಡನ್ನು ಮುಟ್ಟಲಿಲ್ಲ.

ಆಕೆ ಒಳ್ಳೆಯವರು. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಅವನನ್ನೂ ಉಳಿದವರನ್ನೂ ಹೊರಗೆ ಕಳಿಸಿದರು. ಅಣ್ಣೇರು ನನ್ನ ಕಡೆ ನೋಡಿದ್ದರಿಂದ ನಾನು ಉಳಿದೆ.

"ಜ್ವರ ಬಂದಾಗಿನಿಂದಲೇ?" ಎಂದು ಕೇಳಿದರು ಆಕೆ. ಅಣ್ಣೇರು ತಲೆಯಾಡಿಸಿದರು. "ನಮ್ಮಲ್ಲೂ ಇಬ್ಬರಿಗೆ ಹೀಗಾಗಿದೆ" ಎಂದರು ಆಕೆ.

ಅಣ್ಣೇರು ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು, "ಮೇಡಂ, ಬಾವಿಯ ಕಥೆ ನಿಜವಾ?"

ಆಕೆ ಕುರ್ಚಿ ಎಳೆದುಕೊಂಡು ಅವರ ಎದುರು ಕೂತರು. "ಜಾಡಿಯನ್ನು ಬಾವಿಗೆ ಇಳಿಸಿದ್ದು ನಿಜ. ಆಕೆ ನನ್ನ ಅಜ್ಜಿ. ಹದಿಮೂರು ವರ್ಷ ಅದರಲ್ಲಿ ಜೀವ ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇದೆ ಎಂದು ಅಜ್ಜಿ ಹೇಳಿದರು. ಎಲ್ಲರೂ ನಂಬಿದರು."

ಅಣ್ಣೇರು ಎದ್ದು ನಿಂತು, "ಥ್ಯಾಂಕ್ಯೂ ಮೇಡಂ" ಎಂದರು. ಮೇಜು ಒರೆಸಿ, ಐದೂ ಗ್ಲಾಸುಗಳನ್ನು ತಾವೇ ತೊಳೆಯಲು ಒಯ್ದರು.

ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಬೇಸಿಗೆಯ ಮೊದಲೇ ಊರಿಗೆ ಹೋದರು. ಏರ್‌ಪೋರ್ಟಿಗೆ ನಾನೂ ನಮ್ಮೆಜಮಾನರೂ ಹೋಗಿದ್ದೆವು. ರಸ್ತೆಯುದ್ದಕ್ಕೂ ಎಲ್ಲ ದೇಶದ ಬಾವುಟಗಳಿಗೆ ಕಂಬ ನೆಡುತ್ತಿದ್ದರು. "ಇಷ್ಟು ಕಂಬ ನೆಡುವುದು ನೋಡಿದೆ, ಬಾವುಟ ನೋಡ್ಲಿಕ್ಕೆ ಇಲ್ಲ" ಎಂದು ನಕ್ಕರು. ವಿಶ್ವಕಪ್ ಶುರುವಾಗಲು ಕೆಲವೇ ವಾರ ಇರುವಾಗ ಅವರು ಹೋಗಿಬಿಟ್ಟ ಸುದ್ದಿ ಬಂತು. ನಮಗೆ ಯಾರಿಗೂ ರಜೆ ಸಿಗುವ ಹಾಗಿರಲಿಲ್ಲ. ಪಂದ್ಯಗಳು ಮುಗಿದು, ಜನ ಖಾಲಿಯಾಗಿ, ದೋಹಾ ಮತ್ತೆ ಬಿಕೋ ಎನ್ನುವಾಗ ನಾನು ರಜೆ ಹಾಕಿ ಅವರ ಮನೆಗೆ ಹೋದೆ.

ಹೆಂಚಿನ ಮನೆ, ಅಂಗಳ ಗುಡಿಸಿ ಚೊಕ್ಕವಾಗಿತ್ತು. ಅವರ ಹೆಂಡತಿಯನ್ನು ನಾನು ಫೋನಿನಲ್ಲಿ ಮಾತ್ರ 'ಅಕ್ಕ' ಎಂದು ಮಾತಾಡಿಸಿದ್ದೆ. ಚಾ ಕೊಟ್ಟು ಎದುರಿಗೆ ಕೂತರು. ಮಗಳು ಒಳಗಿದ್ದಳು, ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ ಎಂದರು.

"ಇಲ್ಲಿ ಬಂದ ಮೇಲೆ ಕುಡಿಯಲಿಕ್ಕೆ ಶುರು ಮಾಡಿದ್ರು" ಎಂದರು ಅಕ್ಕ. "ಗಲಾಟೆ ಇಲ್ಲ, ಬೈಗುಳ ಇಲ್ಲ. ಪೇಟೆಯಿಂದ ಬಾಟ್ಲಿ ತರುವುದು, ಈ ಜಗಲಿಯಲ್ಲಿ ಕೂರುವುದು. ಸ್ವಲ್ಪ ಬಾಯಿಗೆ ಹಾಕಿ ಕಣ್ಣು ಮುಚ್ಚುವುದು. ಆಮೇಲೆ 'ಇಲ್ಲ' ಅನ್ನುವುದು. ಮತ್ತೆ ಸ್ವಲ್ಪ. ಮತ್ತೆ 'ಇಲ್ಲ'. ಎಂತ ಇಲ್ಲ ಅಂತ ಕೇಳಿದ್ರೆ ಹೇಳುದಿಲ್ಲ."

ನಾನು ಹೇಳಿದೆ. ಮೂಗಿನ ವಿಷಯ, ಪರೀಕ್ಷೆಯ ವಿಷಯ, ಎಲ್ಲ. ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು. ಮಾಡಿದ ಸಾರನ್ನು ಒಂದು ದಿನವೂ ಚೆನ್ನಾಗಿದೆ ಎನ್ನಲಿಲ್ಲವೆಂದು ತಾನು ಮುನಿಸಿಕೊಂಡಿದ್ದೆ ಎಂದರು.

ಹೊರಡುವಾಗ ಗೇಟಿನವರೆಗೆ ಬಂದು ನನ್ನ ಕೈ ಹಿಡಿದುಕೊಂಡರು. "ಮಗಳಿಗೆ ಒಂದು ಸಂಬಂಧ ಬಂದಿತ್ತು. ಗಂಡಿನ ಕಡೆಯವರು ಬಸ್‌ಸ್ಟಾಪಿನ ಅಂಗಡಿಯಲ್ಲಿ ವಿಚಾರಿಸಿದ್ರಂತೆ. ಮೊದಲಿಂದಲೂ ಕುಡುಕ, ಬಾರಿನಲ್ಲೇ ಇದ್ದದ್ದಲ್ವಾ, ಕುಡಿದೇ ಸತ್ತದ್ದು ಅಂತ ಹೇಳಿದ್ದಾರೆ. ಅವರು ಮತ್ತೆ ಬರ್ಲಿಲ್ಲ. ನಾನು ಹೇಳಿದ್ರೆ ಹೆಂಡತಿಯಲ್ವಾ ಅಂತಾರೆ. ನೀವು ಜೊತೆಗೆ ಕೆಲಸ ಮಾಡಿದವರು, ಓದಿದವರು. ನೀವು ಹೇಳಿದ್ರೆ ನಂಬ್ತಾರೆ."

ಹೇಳುತ್ತೇನೆ ಎಂದೆ.

ಬಸ್‌ಸ್ಟಾಪಿನ ಅಂಗಡಿಯಾತ ವಯಸ್ಸಾದವರು, ಹಣೆಯಲ್ಲಿ ಗಂಧ. ಸೋಡಾ ಕೇಳಿದೆ. ಯಾರ ಮನೆಗೆ ಬಂದದ್ದು ಎಂದು ಅವರೇ ವಿಚಾರಿಸಿದರು. ಹೇಳಿದೆ. ಆಮೇಲೆ, ನಾನು ಕತಾರಿನಲ್ಲಿ ಅವರ ಜೊತೆ ಎಂಟು ವರ್ಷ ಇದ್ದೆ, ಅವರು ಜನ್ಮದಲ್ಲಿ ಕುಡಿದವರಲ್ಲ, ಅಪ್ಪನಿಗೆ ಮಾತು ಕೊಟ್ಟಿದ್ದರು, ಕೊರೊನಾದಿಂದ ವಾಸನೆ ಹೋಯಿತು, ಅದನ್ನು ಹುಡುಕಲು ಹೋಗಿ ಹೀಗಾಯಿತು ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ತರಗತಿಯಲ್ಲಿ ಹೇಳುವ ಹಾಗೆ, ಅವಸರವಿಲ್ಲದೆ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ವಾಸನೆ ಹುಡುಕಲಿಕ್ಕೆ ಕುಡಿದದ್ದು" ಎಂದರು.

"ಹೌದು."

"ಹೌದು, ಹೌದು. ಒಳ್ಳೆ ಜನ. ಯಾರಿಗೂ ಉಪದ್ರ ಇರ್ಲಿಲ್ಲ." ಸೋಡಾದ ಬಾಟಲಿ ವಾಪಸು ತೆಗೆದುಕೊಂಡು, ಕ್ರೇಟಿನಲ್ಲಿ ಇಟ್ಟರು. "ನೀವು ಅಲ್ಲಿ ಎಂತ ಕೆಲಸ ಮಾಡುದು ಅಮ್ಮಾ? ಅದೇ ಬಾರಿನಲ್ಲಿಯಾ?"